‘ಫಿಕ್ಸೆಡ್ ಬ್ಲೇಡ್’ ಚಾಕುವಿಗೆ, ಅದರ ಬಾಲಕ್ಕೆ, ಅದರ ಹದಕ್ಕೆ ನಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಧಾರವಾಡದಿಂದ ರಜೆಯಲ್ಲಿ ಗುಡ್ಡ ಹತ್ತಲು ಹೋಗುವ ಹುಡುಗರಿಗಾಗಿ ಎರಡು ಪುಟದ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ವಿಷಯ, ಸಣ್ಣ ಚಾಕು ಆರಿಸುವುದು ಹೇಗೆ ಎನ್ನುವುದು. ಮಡಚುವ ಚಾಕು ಅಲ್ಲ. ಅಲಗೂ ಹಿಡಿಕೆಯೂ ಕೂಡಿಯೇ ಇರುವ, ಒರೆಯಲ್ಲಿಟ್ಟು ಸೊಂಟಪಟ್ಟಿಗೆ ಸಿಗಿಸಿಕೊಳ್ಳುವಂಥದ್ದು. ಅಂಗಡಿಯವರೂ ಯೂಟ್ಯೂಬಿನವರೂ ‘ಫಿಕ್ಸೆಡ್ ಬ್ಲೇಡ್’ ಅನ್ನುತ್ತಾರಲ್ಲ, ಅದು. ಯಾವ ಚಾಕು ತೊಗೋಬೇಕು ಅನ್ನುವುದರಲ್ಲಿ ನನಗೆ ಗೊಂದಲವಿಲ್ಲ. ಅದನ್ನು ಕನ್ನಡದಲ್ಲಿ ಬರೆಯಲು ಕೂತಾಗ ಹೆಜ್ಜೆಗೊಂದು ಪದದ ತಕರಾರು.

ಮೊದಲು ಹೆಸರು. ‘ಸ್ಥಿರ ಅಲಗಿನ ಚಾಕು’ ಎಂದರೆ ಟೆಂಡರ್ ಪ್ರಕಟಣೆ ಓದಿದ ಹಾಗಾಗುತ್ತದೆ. ‘ಕತ್ತಿ’ ಅನ್ನೋಣ ಎಂದರೆ ಕರಾವಳಿ, ಮಲೆನಾಡಿನವರಿಗೆ ಅದು ಸೊಪ್ಪು ಸವರುವ, ತೆಂಗಿನಕಾಯಿ ಕೆತ್ತುವ ದಿನಬಳಕೆಯ ಸಾಮಾನು; ನಮ್ಮ ಕಡೆ ಅದು ಯುದ್ಧದ ಖಡ್ಗ, ಇಲ್ಲವೇ ಕ್ಷೌರದ ಕತ್ತಿ. ಮೇಲಾಗಿ ಮನೆ ‘ಮನಿ’ಯಾದಂತೆ ಕತ್ತೆಯೂ ‘ಕತ್ತಿ’ಯಾಗುವ ಊರಿದು. ‘ಒಳ್ಳೆ ಕತ್ತಿ ಆರಿಸುವುದು ಹೇಗೆ’ ಎಂದು ತಲೆಬರಹ ಕೊಟ್ಟರೆ ಓದುವವರು ಮೊದಲು ಹಲ್ಲು ಎಣಿಸಲು ಹೋಗುತ್ತಾರೆ. ಸಂಸ್ಕೃತದ ಛುರಿಕೆಯಿಂದ ಬಂದ ‘ಚೂರಿ’ಗೆ ಪತ್ರಿಕೆಗಳ ಅಪರಾಧ ಪುಟದ ವಾಸನೆ ಹತ್ತಿಬಿಟ್ಟಿದೆ. ‘ಚೂರಿ ಹಾಕಿದ’ ಎಂದರೆ ಯಾರೂ ಸವತಿಕಾಯಿ ಹೆಚ್ಚಿದ ಎಂದುಕೊಳ್ಳುವುದಿಲ್ಲ. ‘ಬಾಕು’, ‘ಕಠಾರಿ’ ಇರಿಯಲಿಕ್ಕೇ ಹುಟ್ಟಿದವು. ಹಾಗಾಗಿ ಫಾರಸಿಯಿಂದ ಬಂದು ಅಡುಗೆಮನೆಯಲ್ಲಿ ನೆಲೆ ನಿಂತ ‘ಚಾಕು’ವೇ ಗತಿ, ಅದರಲ್ಲಿ ಬೇಸರವೇನೂ ಇಲ್ಲ.

ಚಾಕುವಿನ ಹಿಂದೆ ಏನು ಸೇರಿಸಬೇಕು? ಮಡಚುವುದಕ್ಕೆ ‘ಮಡಚು ಚಾಕು’, ‘ಬಟನ್ ಚಾಕು’ ಎಂಬ ಮಾತುಗಳು ಬಳಕೆಯಲ್ಲಿವೆ. ಮಡಚದೇ ಇರುವುದಕ್ಕೆ ಬೇರೆ ಹೆಸರು ಬೇಕಾಗಿರಲೇ ಇಲ್ಲ. ‘ಮಡಚದ ಚಾಕು’ ಎಂದರೆ ಅರ್ಥವೇನೋ ಆಗುತ್ತದೆ, ಆದರೆ ಮಡಚಬೇಕಾದದ್ದು ಕೆಟ್ಟು ನಿಂತಿದೆ ಎಂಬ ಭಾವನೆಯೂ ಬರುತ್ತದೆ. ನನ್ನ ಒಲವು ‘ಒರೆಚಾಕು’ ಕಡೆಗೆ. ಮಡಚುವ ಚಾಕುವಿಗೆ ತನ್ನ ಹಿಡಿಕೆಯೇ ಮನೆ. ಇದಕ್ಕೆ ಒರೆ ಇಲ್ಲದೆ ಗತ್ಯಂತರವಿಲ್ಲ. ಸ್ವೀಡನ್ನಿನವರೂ ಇಂಥದಕ್ಕೆ ಒರೆಯ ಮೇಲಿಂದಲೇ ‘ಸ್ಲಿದ್‌ಕ್ನಿವ್’ ಎಂದು ಹೆಸರಿಟ್ಟಿದ್ದಾರೆ. ಒಂದೇ ತಕರಾರೆಂದರೆ ‘ಒರೆಗಲ್ಲು’, ‘ಒರೆಗೆ ಹಚ್ಚು’ ಎನ್ನುವ ಉಜ್ಜುವ ಒರೆಯೂ ಇದೆಯಲ್ಲ, ‘ಒರೆಚಾಕು’ ಎಂದರೆ ಉಜ್ಜುವ ಚಾಕು ಎಂದಾದೀತೇ? ಹಳಗನ್ನಡದಲ್ಲಿ ಈ ಗೋಜು ಇರಲಿಲ್ಲ: ಕತ್ತಿಯದು ಶಕಟರೇಫದ (ಈಗ ಬಳಕೆಯಿಂದ ಬಿಟ್ಟುಹೋದ ‘ಱ’ ಅಕ್ಷರದ) ‘ಒಱೆ’, ಉಜ್ಜುವುದು ಸಾದಾ ರೇಫದ ‘ಒರೆ’. ತಮಿಳಿನಲ್ಲಿ ಇಂದಿಗೂ ಎರಡೂ ಬೇರೆ ಬೇರೆ ಅಕ್ಷರ. ನಾವು ಒಂದು ಅಕ್ಷರ ಉಳಿಸಿ ಎರಡು ಅರ್ಥಗಳನ್ನು ಒಂದೇ ಖೋಲಿಗೆ ನೂಕಿದೆವು. ಚಾಕುವಿನ ಸಂದರ್ಭದಲ್ಲಿ ಓದುಗ ತಪ್ಪಲಾರ ಎಂದು ನನ್ನ ಅನಿಸಿಕೆ. ನಿಮಗೆ?

‘ಔಟ್‌ಡೋರ್’ ಮಾತ್ರ ಕೈಬಿಟ್ಟಿದ್ದೇನೆ. ‘ಬಯಲಿಗೆ ಒಯ್ಯುವ ಚಾಕು’ ಎಂದು ಬರೆದು ತೋರಿಸಿದ್ದಕ್ಕೆ ಮನೆಯಲ್ಲಿ ನಕ್ಕು ಸಾಕಾದರು. ಬಯಲಕಡಿ ಹೋಗುವವರಿಗೆ ಬೇಕಾದದ್ದು ಚಾಕು ಅಲ್ಲ, ತಂಬಿಗೆ. ‘ಅಡವಿ’ ಸರಿಹೋಗಬಹುದು; ನಮ್ಮಲ್ಲಿ ಊರ ಹೊರಗಿನದೆಲ್ಲ ಅಡವಿಯೇ.

ಈಗ ಅಂಗಾಂಗಗಳು. ಇಲ್ಲಿ ಕನ್ನಡ ಬಡವಾಗಿಲ್ಲ. ಕೊಯ್ಯುವ ಅಂಚಿಗೆ ‘ಬಾಯಿ’: ‘ಬಾಯಿ ಹೋಗೇತಿ’, ‘ಇಬ್ಬಾಯಿ ಕತ್ತಿ’. ಎದುರಿನ ದಪ್ಪ ಅಂಚು ‘ಬೆನ್ನು’. ತುದಿ ‘ಮೊನೆ’. ಗರಗಸಕ್ಕೆ ‘ಹಲ್ಲು’. ಬಾಯಿ ಮೊನೆಯ ಕಡೆ ಉಬ್ಬಿ ತಿರುಗುವ ಜಾಗಕ್ಕೆ ‘ಹೊಟ್ಟೆ’ ಎಂದು ಬರೆದರೆ ಯಾರೂ ತಡವರಿಸಲಿಕ್ಕಿಲ್ಲ. ಮೈಯ ಪದಗಳೇ ಸಾಲಾಗಿ ನಿಂತಿರುವಾಗ ‘ಟ್ಯಾಂಗ್’ ಒಂದಕ್ಕೆ ಯಾಕೆ ಬೇರೆ ಹುಡುಕಬೇಕೆಂದು ಸದ್ಯಕ್ಕೆ ‘ಬಾಲ’ ಎಂದು ಬರೆದಿದ್ದೇನೆ: ಅಲಗಿನ ಕಬ್ಬಿಣ ಹಿಡಿಕೆಯೊಳಗೆ ಮುಂದುವರಿಯುವ ಭಾಗ.

ಕೊಳ್ಳುವವರು ಮೊದಲು ಕೇಳಬೇಕಾದ್ದೂ ಈ ಬಾಲದ ಬಗ್ಗೆಯೇ, ಅದಕ್ಕೇ ಪದ ಬೇಕು ಎಂದು ಇಷ್ಟು ಜಗ್ಗಾಡುತ್ತಿದ್ದೇನೆ. ಜಾತ್ರೆಯಲ್ಲಿ ಕೊಂಡ ಚಾಕುವೊಂದರ ಹಿಡಿಕೆ ಸಡಿಲಾದಾಗ ಬಿಸಿನೀರಲ್ಲಿಟ್ಟು ಕಳಚಿ ನೋಡಿದೆ. ಹೊರಗೆ ಹೊಳೆಯುವ ಹಿತ್ತಾಳೆ ಬಳೆ, ಬಣ್ಣದ ಕಟ್ಟಿಗೆ. ಒಳಗೆ ಕಿರುಬೆರಳಿನ ಎರಡು ಗೆಣ್ಣಿನಷ್ಟೂ ಇಲ್ಲದ, ಮೊಳೆಯಂತೆ ಚೂಪಾದ ಬಾಲ, ಸುತ್ತಲೂ ಕರಗಿಸಿ ಹೊಯ್ದ ಕರಿ ಅರಗು. ಹಣ್ಣು ಕೊಯ್ಯಲು ಇಷ್ಟು ಸಾಕು. ಒಣ ಕಟ್ಟಿಗೆಯ ಮೇಲಿಟ್ಟು ಬೆನ್ನಿಗೆ ಗುದ್ದಿ ಸೀಳಲು ಹೋದರೆ ಅಲಗು ಒಂದು ಕಡೆ, ಹಿಡಿಕೆ ಒಂದು ಕಡೆ. ಹಿಡಿಕೆಯಷ್ಟೇ ಉದ್ದ, ಅಷ್ಟೇ ಅಗಲದ ಬಾಲವಿದ್ದು ಎರಡೂ ಬದಿಗೆ ಕಟ್ಟಿಗೆಯ ಪಟ್ಟಿ ಕೂರಿಸಿ ರಿವೆಟ್ ಹೊಡೆದದ್ದಕ್ಕೆ ‘ತುಂಬು ಬಾಲ’ ಎನ್ನಬಹುದೇ? ‘ಪೂರ್ಣ ಬಾಲ’ ನನಗೆ ರುಚಿಸಲಿಲ್ಲ. ತುಂಬು ಬಾಲ ಇಲ್ಲದ್ದೆಲ್ಲ ಕಳಪೆ ಎಂದೂ ಅಲ್ಲ ಮತ್ತೆ. ಸ್ವೀಡನ್ನಿನ ಮೋರಾದಲ್ಲಿ ಆಗುವ ‘ಕಂಪ್ಯಾನಿಯನ್’ ಚಾಕುವಿನ ಅಲಗು 104 ಮಿಲಿಮೀಟರ್ ಉದ್ದ, 2.5 ಮಿಲಿಮೀಟರ್ ದಪ್ಪ. ಅದರ ಬಾಲ ಹಿಡಿಕೆಯ ಕೊನೆ ಮುಟ್ಟುವುದಿಲ್ಲ. ಆದರೂ ಕೆತ್ತುವ ಕೆಲಸಕ್ಕೆ ಅದು ಬಲು ಚಲೋ.

‘ಕೆತ್ತುವ’ ಎಂದೆನಲ್ಲ, ನನ್ನ ಮುಖ್ಯ ಮಾತು ಇದೇ. ಚಾಕು ಆರಿಸುವ ಟಿಪ್ಪಣಿಯನ್ನು ಉಕ್ಕಿನಿಂದಲೋ ಅಳತೆಯಿಂದಲೋ ಶುರು ಮಾಡಬಾರದು, ಕ್ರಿಯಾಪದದಿಂದ ಶುರು ಮಾಡಬೇಕು. ಹುಡುಗರನ್ನು ‘ಯಾತಕ್ಕ ಬೇಕಪಾ ಚಾಕು?’ ಎಂದು ಕೇಳಿದರೆ ‘ಕಟ್ ಮಾಡಾಕರೀ ಕಾಕಾ’ ಎನ್ನುತ್ತಾರೆ. ಈ ‘ಕಟ್ ಮಾಡು’ ಹತ್ತಾರು ಕನ್ನಡ ಮಾತುಗಳನ್ನು ನುಂಗಿ ಕೂತಿದೆ, ಮತ್ತು ಅಂಗಡಿಯಲ್ಲಿ ತಪ್ಪು ಚಾಕು ಕೊಳ್ಳಲು ಅರ್ಧ ಕಾರಣ ಅದೇ. ಉಳ್ಳಾಗಡ್ಡಿ ಹೆಚ್ಚುತ್ತೇವೆ, ಹಗ್ಗ ಕೊಯ್ಯುತ್ತೇವೆ: ಇವೆರಡಕ್ಕೂ ತೆಳುವಾದ ಅಲಗು ಬೇಕು, ಎರಡು ಎರಡೂವರೆ ಮಿಲಿಮೀಟರ್ ಬೆನ್ನು ಸಾಕು. ನಾಲ್ಕು ಮಿಲಿಮೀಟರಿನ ಗಟ್ಟಿ ಚಾಕುವಿನಿಂದ ಉಳ್ಳಾಗಡ್ಡಿ ಹೆಚ್ಚಲು ಹೋದರೆ ಅದು ಹೆಚ್ಚುವುದಿಲ್ಲ, ಸಿಡಿಯುತ್ತದೆ. ಗೂಟ ಕೆತ್ತುತ್ತೇವೆ: ಇದಕ್ಕೆ ಅಲಗಿನ ಮಗ್ಗಲು ಬಾಯಿಯವರೆಗೂ ಒಂದೇ ಇಳಿಜಾರಾಗಿ ಇಳಿದಿರಬೇಕು, ಆ ಇಳಿಜಾರನ್ನು ಕಟ್ಟಿಗೆಯ ಮೇಲೆ ಚಪ್ಪಟೆಯಾಗಿ ಕೂರಿಸಿದರೆ ಚಕ್ಕೆ ತಾನೇ ಸುರುಳಿಯಾಗಿ ಏಳುತ್ತದೆ. ಸ್ವೀಡನ್, ಫಿನ್ಲೆಂಡ್ ಕಡೆಯ ಚಾಕುಗಳ ಗುಟ್ಟು ಇದೇ. ತೊಗಟೆ ಹೆರೆಯುತ್ತೇವೆ: ಅದಕ್ಕೆ ಬಾಯಿ ಬೇಡವೇ ಬೇಡ, ಬೆನ್ನಿನ ಮೂಲೆ ದುಂಡಗೆ ಸವೆಸದೆ ಚೌಕವಾಗಿ ಬಿಟ್ಟಿರಬೇಕು. ಸೀಳುವುದಕ್ಕೆ ದಪ್ಪ ಬೆನ್ನು, ತುಂಬು ಬಾಲ. ಕಡಿಯುವುದಕ್ಕೆ ಮಾತ್ರ ಸಣ್ಣ ಚಾಕುವಿನ ಗೊಡವೆಗೆ ಹೋಗಬೇಡಿ. ಕಡಿ ಎಂಬ ಮಾತಿನಲ್ಲೇ ತೂಕವಿದೆ, ಅದು ಕೊಡಲಿಯದೋ ಮಚ್ಚಿನದೋ ಕೆಲಸ. ಇರಿಯುವುದು ನಮ್ಮ ಪಟ್ಟಿಯಲ್ಲಿಲ್ಲವಾದ್ದರಿಂದ ಇಬ್ಬಾಯಿಯದು ಬೇಕಿಲ್ಲ. ಬೆನ್ನಿಗೆ ಹೆಬ್ಬೆರಳು ಒತ್ತಲು ಬರುವ ಒಂದೇ ಬಾಯಿಯದು ತೊಗೋರಿ.

ನಿಮ್ಮನ್ನು ಕೇಳಬೇಕಾದ್ದು: ಆ ಇಳಿಜಾರಿಗೆ, ಎಂದರೆ ಬೆನ್ನಿನಿಂದ ಬಾಯಿಗೆ ಅಲಗು ತೆಳುವಾಗುತ್ತ ಹೋಗುವ ಬಗೆಗೆ, ಕಂಬಾರರ ಅಥವಾ ಬಡಿಗೇರರ ಬಾಯಲ್ಲಿ ಪದವಿದೆಯೇ? ಉಳಿಗೂ ಬಾಚಿಗೂ ಇಂಥ ಇಳಿಜಾರು ಇದ್ದೇ ಇರುತ್ತದೆ. ಬಡಿಗೇರ ಮನೆತನದವರು ಇಲ್ಲಿ ಇದ್ದೀರಿ, ದಯವಿಟ್ಟು ಹೇಳಿ.

ಉದ್ದಕ್ಕೆ ಹೊಸ ಪದ ಬೇಡ. ಅಲಗು ನಿಮ್ಮ ಅಂಗೈಯ ಅಗಲದಷ್ಟು, ಎಂದರೆ ಮೂರೂವರೆ ನಾಲ್ಕು ಇಂಚು. ಹಿಡಿಕೆ ನಿಮ್ಮ ಮುಷ್ಟಿ ತುಂಬಿ ಚೂರು ಉಳಿಯುವಷ್ಟು. ಟೇಪಿಗಿಂತ ಕೈ ಮೇಲು, ಏಕೆಂದರೆ ಹಿಡಿಯುವುದು ಟೇಪಲ್ಲ.

ಉಕ್ಕಿನ ವಿಷಯಕ್ಕೆ ಬಂದರೆ ಇನ್ನೊಂದು ಮೋಜು. ಅಂಗಡಿಯಲ್ಲಿ ‘ಕಾರ್ಬನ್ ಸ್ಟೀಲ್’, ‘ಸ್ಟೇನ್‌ಲೆಸ್’ ಎಂದು ಎರಡು ಜಾತಿ. ನಮ್ಮ ‘ಕಬ್ಬಿಣ’ದ ಹಳೆಯ ರೂಪ ‘ಕರ್ಬುನ’, ಕರಿದು ಮತ್ತು ಪೊನ್ ಕೂಡಿದ್ದು. ಕಾರ್ಬನ್ನಿಗೂ ಅದಕ್ಕೂ ನೆಂಟಸ್ತಿಕೆ ಏನೂ ಇಲ್ಲ, ಕಿವಿಗೆ ಮಾತ್ರ ಸೋದರಸಂಬಂಧಿಗಳು. ಕಾರ್ಬನ್ ಸ್ಟೀಲಿನ ಚಾಕುಗಳಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.6ರಿಂದ 1ರವರೆಗೆ, ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಕ್ರೋಮಿಯಂ ಕನಿಷ್ಠ ಶೇ. 10.5 ಇರಬೇಕು. ಮೊದಲನೆಯದನ್ನು ಮಸೆಯುವುದು ಸುಲಭ, ಆದರೆ ಹಸಿ ಬಿಟ್ಟರೆ ಜಂಗು ಹಿಡಿಯುತ್ತದೆ. ಹಳೆ ಈಳಿಗೆಯಲ್ಲಿ ಮಾವಿನಕಾಯಿ ಹೆಚ್ಚಿದವರಿಗೆ ಅಲಗು ಕರ್ರಗಾಗುವುದು ಗೊತ್ತು. ಆ ಕಪ್ಪು ಜಂಗಲ್ಲ. ಅದು ಕೂತಷ್ಟೂ ಕೆಂಪು ಜಂಗು ತಡವಾಗಿ ಬರುತ್ತದೆ, ತಿಕ್ಕಿ ತೆಗೆಯಬಾರದು. ಇದಕ್ಕೆ ಬಾಳೆಕಾಯಿಯ ‘ಕರೆ’ಯನ್ನೇ ಎರವಲು ತಂದು ‘ಕರೆ ಕಟ್ಟಿದ ಅಲಗು’ ಎಂದು ಬರೆದಿದ್ದೇನೆ. ಮಳೆಗಾಲದಲ್ಲಿ ತಿರುಗುವ ಹುಡುಗರಿಗೆ, ಒರೆಸಿಡುವ ಶಿಸ್ತು ಇಲ್ಲದವರಿಗೆ, ಸ್ಟೇನ್‌ಲೆಸ್ ಸಾಕು.

ಕಂಬಾರರ ಹತ್ತಿರವೇ ಮಾಡಿಸುತ್ತೇನೆಂದರೆ ಅದೂ ಒಳ್ಳೆಯ ದಾರಿ. ಲಾರಿಯ ಕಮಾನು ಪಟ್ಟಿಯ ಉಕ್ಕು ಚಾಕುವಿಗೆ ಬರುತ್ತದೆ. ಆದರೆ ಇಲ್ಲಿ ‘ಹದ’ ಎಂಬ ಪದ ನನ್ನನ್ನು ಕಾಡುತ್ತಿದೆ. ಪರಿಚಯದ ಕಂಬಾರರೊಬ್ಬರಿಗೆ ‘ಹದ ಹೆಂಗ ಹಾಕ್ತೀರಿ?’ ಎಂದು ಕೇಳಿದೆ. ‘ಸರ, ಹದ ಅಂದ್ರ ಬಾಯಿ ಹದಾನೋ, ಕಬ್ಬಣದ ಹದಾನೋ?’ ಎಂದು ಮರುಪ್ರಶ್ನೆ ಹಾಕಿದರು. ಸರಿಯೇ. ‘ಕುಡಗೋಲು ಹದಾ ಐತಿ’ ಎಂದರೆ ಹರಿತವಾಗಿದೆ ಎಂದರ್ಥ. ಕೆಂಪಗೆ ಕಾಸಿ, ಎಣ್ಣೆಗೋ ನೀರಿಗೋ ಅದ್ದಿ, ಗಡುಸಾಗಿ ಗಾಜಿನಂತೆ ಒಡೆಯುವ ಸ್ಥಿತಿಗೆ ಬಂದದ್ದನ್ನು ಮತ್ತೆ ಸಣ್ಣಗೆ ಕಾಸಿ, ಗೋದಿಹುಲ್ಲಿನ ಬಣ್ಣ ಬಂದಾಗ ನಿಲ್ಲಿಸುವುದೂ ಹದವೇ. ಎರಡನೆಯದು ಸರಿಯಿದ್ದರೆ ಮೊದಲನೆಯದು ಬಾಳುತ್ತದೆ. ಟಿಪ್ಪಣಿಯಲ್ಲಿ ಹರಿತಕ್ಕೆ ‘ಹರಿತ’, ಉಕ್ಕಿನ ಗುಣಕ್ಕೆ ಮಾತ್ರ ‘ಹದ’ ಎಂದು ಬೇರ್ಪಡಿಸಿದ್ದೇನೆ. ಮಾತಿನಲ್ಲಿ ಇಲ್ಲದ ಗೆರೆಯನ್ನು ಬರಹದಲ್ಲಿ ಎಳೆಯುವುದು ಎಷ್ಟು ಸರಿಯೋ, ಆದರೆ ಎಳೆಯದೆ ವಾಕ್ಯ ನಿಲ್ಲುತ್ತಿಲ್ಲ.

ಇದೇ ಕಾರಣಕ್ಕೆ ‘ಹಣಿಸು’ ಪದವನ್ನೂ ಬಿಟ್ಟೆ. ಕುಡಗೋಲು ಮೊಂಡಾದರೆ ಕುಲುಮೆಗೆ ಒಯ್ದು ಕಾಸಿ ಹಣಿಸುತ್ತೇವೆ. ಹದ ಹಾಕಿದ ಚಾಕುವನ್ನು ಹಾಗೆ ಹಣಿಸಿದರೆ ಹಾಕಿದ ಹದವೇ ಹೋಯಿತು. ಸಾಣೆ ಚಕ್ರಕ್ಕೆ ಕಿಡಿ ಹಾರುವಂತೆ ಒತ್ತಿ ಹಿಡಿದಾಗ ಬಾಯಿ ನೀಲಿಗಟ್ಟುವುದೂ ಅದೇ ಕೇಡು. ಚಾಕುವಿಗೆ ‘ಮಸೆ’ ಒಂದೇ ಸರಿಯಾದ ಕ್ರಿಯೆ: ಕಲ್ಲು, ಎರಡು ಹನಿ ನೀರು, ಸಾವಕಾಶ.

ಕೊನೆಗೆ ‘ಆಯುಧ’. ಖಂಡೇನವಮಿಯ ದಿನ ನಮಗೆ ಈಳಿಗೆಯೂ ಆಯುಧ, ಸ್ಕೂಟರೂ ಆಯುಧ. ಮರುದಿನ ಯಾವುದೂ ಅಲ್ಲ. ಕಾನೂನಿಗೆ ಹಾಗಿಲ್ಲ. ಆಯುಧ ನಿಯಮಗಳ ಪಟ್ಟಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತಾಡುತ್ತದೆ, ಮನೆ ಮತ್ತು ಹೊಲದ ಕೆಲಸಕ್ಕೆಂದೇ ಮಾಡಿದವನ್ನು ಬಿಟ್ಟು. 9 ಇಂಚೆಂದರೆ ನಮ್ಮ ಒಂದು ಗೇಣು, ನೆನಪಿಡಲು ಸುಲಭ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಎಂಬುದರ ಅರ್ಥವಿವರಣೆಯೊಳಗೆ ಬಿಲ್ಲು ಬಾಣ, ಬಲೆ, ಉರುಲಿನ ಜೊತೆಗೆ ಚಾಕುವಿನ ಹೆಸರೂ ಇದೆ, ಅಳತೆಯ ಮಾತೇ ಇಲ್ಲ. ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಗದಗಿನ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಂತೂ ಹಳೆಯದು. ಅಲ್ಲಿಗೆ ಹೋಗುವ ದಿನ ಚಾಕು ಮನೆಯಲ್ಲಿ. ಟಿಪ್ಪಣಿಯಲ್ಲಿ ಈ ಸಾಲಿಗೆ ‘ಚಾಕುವೂ ಆಯುಧವೇ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದೇನೆ. ‘ಸಲಕರಣೆ’ ಅಂದು ಮೃದು ಮಾಡಲು ಒಬ್ಬರು ಸೂಚಿಸಿದರು, ನಾನು ಒಪ್ಪಲಿಲ್ಲ.

ಉಳಿದದ್ದು ಒಂದೇ ಪದ. ಮಸೆಯುವಾಗ ಅಲಗಿನ ಒಂದು ಮಗ್ಗಲು ಸಾಕಷ್ಟು ತಿಕ್ಕಿದ ಮೇಲೆ ಇನ್ನೊಂದು ಮಗ್ಗಲಿಗೆ ನೂಲಿನಷ್ಟು ತೆಳುವಾದ ಕಬ್ಬಿಣದ ಎಳೆ ಏಳುತ್ತದೆ; ಕಣ್ಣಿಗೆ ಕಾಣದು, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಹೆಬ್ಬೆರಳು ಸವರಿದರೆ ಕೊರಕೊರ ಹತ್ತುತ್ತದೆ. ಅದು ಎದ್ದಿತೆಂದರೆ ಮಗ್ಗಲು ಬದಲಿಸಬೇಕು, ಕೊನೆಗೆ ಹಳೆ ತೊಗಲಿನ ಪಟ್ಟಿಯ ಮೇಲೆ ಎಳೆದು ಅದನ್ನು ಕೀಳಬೇಕು. ಕ್ಷೌರದ ಕತ್ತಿ ಮಸೆಯುತ್ತಿದ್ದ ಹಿರಿಯರಿಗೆ ಇದಕ್ಕೊಂದು ಹೆಸರು ಇದ್ದಿರಲೇಬೇಕು. ಹಾವೇರಿ, ಬ್ಯಾಡಗಿ ಕಡೆಯವರು ಕೇಳಿ ತಿಳಿಸ್ತೀರಾ? ಸಿಗದಿದ್ದರೆ ‘ಎಳೆ’ ಎಂದೇ ಅಚ್ಚಿಗೆ ಕೊಡುತ್ತೇನೆ.