ಸಹಾಯ ಬೇಕು: ತಡವಾಗಿ ಧ್ಯಾನಬರಹಕ್ಕೆ ಇಳಿದವರ ಪ್ರತಿಗಳನ್ನು ತಿದ್ದಲು

ಎಲ್ಲರಿಗೂ ವಂದನೆ. ಅರವತ್ತು ದಾಟಿದ ಮೇಲೆ ಅನುದಿನದ ಧ್ಯಾನ ಬರೆಯಲು ಹೊರಟವರ ಪ್ರತಿಗಳನ್ನು ತಿದ್ದಿಕೊಡಲು ಇಬ್ಬರು ಬೇಕು. ದಿನಕ್ಕೊಂದರಂತೆ ಓದುವ ಈ ಕಿರುಬರಹ ಒಂದೊಂದೂ ಸುಮಾರು 300 ಪದ: ಒಂದು ಬೈಬಲ್ ವಚನ, ಒಂದೇ ವಿಚಾರ, ಕೊನೆಗೆ ಎರಡು ಸಾಲಿನ ಪ್ರಾರ್ಥನೆ.

ಹೆಚ್ಚು ಎಡವುವುದು ವಚನದ ಸಂದರ್ಭದಲ್ಲಿ. ಒಳ್ಳೆಯ ಭವಿಷ್ಯದ ನಿರೀಕ್ಷೆ ಕೊಡುವ ಯೆರೆಮೀಯ 29:11 ಹಿಡಿದು ‘ನಾಳೆಯೇ ಒಳ್ಳೆಯದಾಗುತ್ತದೆ’ ಎಂದು ಬರೆದುಬಿಡುತ್ತಾರೆ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ. ಅವರು ಮರಳುವುದು 70 ವರ್ಷ ಕಳೆದ ಮೇಲೆ ಎಂದು ಹಿಂದಿನ ವಚನದಲ್ಲೇ ಇದೆ! ವರ್ಷಗಟ್ಟಲೆ ಚರ್ಚಿನಲ್ಲಿ ಪ್ರಸಂಗ ಕೇಳಿದ ಕಿವಿಯಾದ್ದರಿಂದ ಬರಹವೂ ಅದೇ ಧಾಟಿಗೆ ಜಾರುತ್ತದೆ. ಗಟ್ಟಿಯಾಗಿ ಓದಿಸಿದರೆ ಅರ್ಧ ಸರಿಹೋಗುತ್ತದೆ.

ನೆನಪಿನಿಂದ ವಚನ ಬರೆಯುವುದರಿಂದ ಹಳೆಯ, ಹೊಸ ಅನುವಾದಗಳು ಕಲಸಿಹೋಗುತ್ತವೆ. ಪ್ರತಿ ಉಲ್ಲೇಖವನ್ನೂ ಒಂದೇ ಅನುವಾದದೊಂದಿಗೆ ತಾಳೆ ನೋಡಬೇಕು. ಅಚ್ಚಿಗೆ ಮುನ್ನ ಅನುವಾದದ ಹಕ್ಕುದಾರರಿಂದ ಅನುಮತಿ ಕೇಳುವ ಕ್ರಮ ಬಲ್ಲವರಿದ್ದರೆ ಇನ್ನೂ ಒಳ್ಳೆಯದು. ಬಿಡುವಿರುವವರು ಇಲ್ಲೇ ತಿಳಿಸಿ.