ಪೂರ್ತಿ ಅಳಿಸಿದರೂ ಹಳೆ ರೇಡ್ ಬಿಡ್ತಿಲ್ಲ, ಏನು ಮಾಡಲಿ?

ಹಳೆಡಬ್ಬ: ನಮಸ್ಕಾರ ಎಲ್ಲರಿಗೂ. ಹಳೆ ಸರ್ವರಿನಿಂದ ಕಳಚಿದ 1 ಟಿಬಿ ಡಿಸ್ಕ್ ಒಂದು ಸಿಕ್ಕಿದೆ. ಮನೆಯ ಪಿಸಿಗೆ ಹಾಕಿ, ಲಿನಕ್ಸ್‌ನಲ್ಲಿ ಡಿಡಿ ಕಮಾಂಡಿಂದ ಮೊದಲ 100 ಎಂಬಿಗೆ ಸೊನ್ನೆ ತುಂಬಿದೆ. ಹೊಸ ಜಿಪಿಟಿ ಟೇಬಲ್ಲೂ (ಡಿಸ್ಕಿನ ಪಾರ್ಟಿಶನ್‌ಗಳ ಪಟ್ಟಿ) ಮಾಡಿದೆ. ಆದರೂ ರೀಬೂಟ್ ಆದ ಕೂಡಲೇ ಎಂಡಿ127 ಅಂತ ಒಂದು ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸೋ ವ್ಯವಸ್ಥೆ) ಎದ್ದು ಕೂರುತ್ತೆ, ಫಾರ್ಮ್ಯಾಟ್ ಮಾಡಕ್ಕೆ ಹೋದರೆ ‘ಡಿವೈಸ್ ಬ್ಯುಸಿ’ (ಡಿಸ್ಕ್ ಬಳಕೆಯಲ್ಲಿದೆ) ಅನ್ನುತ್ತೆ. ದೆವ್ವ ಹಿಡಿದಿದೆಯಾ ಇದಕ್ಕೆ?

ಬೂಟ್‌ಭಟ್ಟ: ದೆವ್ವ ಇರೋದು ಬಾಲದಲ್ಲಿ, ನೀವು ತೊಳೆದದ್ದು ತಲೆ. ಡಿಸ್ಕಿನಲ್ಲಿ ಏನಿದೆ ಅಂತ ಸಿಸ್ಟಮ್ಮಿಗೆ ಹೇಳೋ ಗುರುತು ಎಲ್ಲಿ ಕೂತಿರುತ್ತೆ ಅನ್ನೋದು ಒಂದೊಂದಕ್ಕೂ ಬೇರೆ. ಜಿಪಿಟಿಯ ಒಂದು ಪ್ರತಿ ಶುರುವಿನಲ್ಲಿ, ಇನ್ನೊಂದು ಕೊನೆಯ 33 ಸೆಕ್ಟರುಗಳಲ್ಲಿ. ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಆದರೆ ಮುಂದೆ ಎರಡು, ಹಿಂದೆ ಎರಡು ಲೇಬಲ್. ಲಿನಕ್ಸ್ ರೇಡಿನ 1.2 ಆವೃತ್ತಿ ಗುರುತು ಶುರುವಿನಿಂದ 4 ಕೆಬಿ ಆದ ಮೇಲೆ ಇರುತ್ತೆ, ಹಳೆಯ 0.90 ಮಾತ್ರ ಕೊನೆಯಿಂದ 64ರಿಂದ 128 ಕೆಬಿ ಹಿಂದೆ. ನಿಮ್ಮದು ಅದೇ ಇರಬೇಕು. ಇಂಥ ಗುರುತುಗಳನ್ನು ಹುಡುಕಿ ಅಳಿಸೋ ವೈಪ್‌ಎಫ್‌ಎಸ್ ಕಮಾಂಡಿಗೆ ಡಿಸ್ಕಿನ ಹೆಸರು ಮಾತ್ರ ಕೊಟ್ಟು ನೋಡಿ. ಯಾವ ಆಯ್ಕೆಯನ್ನೂ ಸೇರಿಸಬೇಡಿ, ಆಗ ಅದು ಪಟ್ಟಿ ತೋರಿಸುತ್ತೆ ಅಷ್ಟೇ, ಏನೂ ಅಳಿಸಲ್ಲ.

ಹಳೆಡಬ್ಬ: ಹೌದು ಸರ್! ಲಿನಕ್ಸ್ ರೇಡ್ ಮೆಂಬರ್ ಅಂತಿದೆ. ಲೆಕ್ಕ ಹಾಕಿದೆ, ಕೊನೆಯಿಂದ ಸರಿಯಾಗಿ 88 ಕೆಬಿ ಹಿಂದೆ. ಆದರೆ ಹೊಸ ಜಿಪಿಟಿ ಬರೆದಾಗ ಅದು ಯಾಕೆ ಹೋಗಲಿಲ್ಲ?

ಬೂಟ್‌ಭಟ್ಟ: ಜಿಪಿಟಿಯ ಹಿಂದಿನ ಪ್ರತಿಗೆ ಬೇಕಾಗೋದು ಸುಮಾರು 16.5 ಕೆಬಿ ಜಾಗ. 88ರ ತನಕ ಅದರ ಕೈ ಎಟುಕಲ್ಲ.

ಈಗ ಅವಸರ ಬೇಡ. ಮೊದಲು ಡಿಸ್ಕುಗಳ ಪಟ್ಟಿ ತೋರಿಸೋ ಎಲ್‌ಎಸ್‌ಬಿಎಲ್‌ಕೆ ಕಮಾಂಡಿನಲ್ಲಿ ಮಾಡೆಲ್, ಸೀರಿಯಲ್ ನಂಬರ್ ತೆಗೆದು ಡಿಸ್ಕಿನ ಮೇಲಿನ ಚೀಟಿಗೆ ಹೋಲಿಸಿ. ಆಮೇಲೆ ರೇಡ್ ನೋಡಿಕೊಳ್ಳೋ ಎಂಡಿಆಡಮ್ ಕಮಾಂಡಿನ ಸ್ಟಾಪ್ ಆಯ್ಕೆಯಿಂದ ಎಂಡಿ127 ನಿಲ್ಲಿಸಿ. ಬ್ಯುಸಿ ಅನ್ನೋದಕ್ಕೆ ಕಾರಣವೇ ಅದು. ನಿಂತ ಮೇಲೆ ಎಂಡಿಆಡಮ್‌ನದ್ದೇ, ರೇಡ್ ಗುರುತು ಅಳಿಸೋ ಝೀರೋ-ಸೂಪರ್‌ಬ್ಲಾಕ್ ಆಯ್ಕೆಯನ್ನು ಡಿಸ್ಕಿನ ಮೇಲೆ ಓಡಿಸಿ. ಮಿಕ್ಕಿದ್ದಕ್ಕೆ ವೈಪ್‌ಎಫ್‌ಎಸ್, ಈ ಸಲ ‘ಆಲ್’ ಜೊತೆಗೆ ‘ಬ್ಯಾಕಪ್’ ಆಯ್ಕೆಯೂ ಇರಲಿ. ಅಳಿಸಿದ ಬೈಟುಗಳು ಹೋಮ್ ಫೋಲ್ಡರಿನಲ್ಲಿ ಉಳಿಯುತ್ತವೆ, ಎಡವಟ್ಟಾದರೆ ವಾಪಸ್ ಬರೆಯಬಹುದು. ಪಾರ್ಟಿಶನ್ ಇದ್ದರೆ ಮೊದಲು ಅವುಗಳ ಮೇಲೆ ಓಡಿಸಿ, ಆಮೇಲೆ ಇಡೀ ಡಿಸ್ಕಿನ ಮೇಲೆ. ಟೇಬಲ್ ಮೊದಲು ಹೋದರೆ ಒಳಗಿನ ಗುರುತು ಹಾಗೇ ಉಳಿದು, ಮುಂದೆ ಅದೇ ಜಾಗಕ್ಕೆ ಪಾರ್ಟಿಶನ್ ಮಾಡಿದಾಗ ಮತ್ತೆ ಇಣುಕುತ್ತೆ.

ಎರಡನೇಸಲ: ಸೀರಿಯಲ್ ನಂಬರಿನ ಮಾತು ತಮಾಷೆಯಲ್ಲ. ಲಿನಕ್ಸ್ ಡಿಸ್ಕುಗಳಿಗೆ ಕೊಡೋ ಎಸ್‌ಡಿಎ, ಎಸ್‌ಡಿಬಿ ಹೆಸರು ರೀಬೂಟಿಗೆ ಅದಲುಬದಲು ಆಗಬಹುದು. ನಿನ್ನೆಯ ಕಮಾಂಡನ್ನು ಮೇಲಿನ ಬಾಣದ ಕೀಲಿ ಒತ್ತಿ ತಂದು ಎಂಟರ್ ಹೊಡೆದವನು ನಾನು. ಮಗಳ ನಾಮಕರಣದ ಫೋಟೋ ಡಿಸ್ಕು. ಈಗ ಅಳಿಸೋ ಕೆಲಸ ಇದ್ದಾಗ ಬೇರೆ ಡಿಸ್ಕುಗಳ ಕೇಬಲ್ಲೇ ಕಿತ್ತಿಡ್ತೀನಿ.

ಹಳೆಡಬ್ಬ: ಎರಡು ಸಲ ರೀಬೂಟ್ ಮಾಡಿದೆ, ಎಂಡಿ127 ಪತ್ತೆ ಇಲ್ಲ. ತುಂಬಾ ಥ್ಯಾಂಕ್ಸ್ ಸರ್. ಇದರ ಜೋಡಿ ಡಿಸ್ಕ್ ಇನ್ನೊಂದಿದೆ, ಹೀಗೇ ಅಳಿಸಿ ಯಾರಿಗಾದರೂ ಮಾರಿಬಿಡಲಾ?

ಬೂಟ್‌ಭಟ್ಟ: ಬೇಡ. ವೈಪ್‌ಎಫ್‌ಎಸ್ ಕೀಳೋದು ಬಾಗಿಲಿನ ಮೇಲಿನ ಹೆಸರಿನ ಫಲಕ ಮಾತ್ರ, ಮನೆಯೊಳಗಿನ ಸಾಮಾನು ಅಲ್ಲೇ ಇರುತ್ತೆ. ಮಾರೋದಾದರೆ ಮೊದಲಿಂದ ಕೊನೆಯವರೆಗೆ ಸೊನ್ನೆ ತುಂಬಿಸಿ. ತಿರುಗೋ ಡಿಸ್ಕು ಅಲ್ವಾ, ಗಂಟೆಗಟ್ಟಲೆ ಹಿಡಿಯುತ್ತೆ. ರಾತ್ರಿ ಹಚ್ಚಿ ಮಲಗಿ.