ಕೆಟಲ್ 96ಕ್ಕೆ ನಿಲ್ಲುತ್ತದೆ, ಆಫ್ ಆಗುತ್ತಿಲ್ಲ: ದಯವಿಟ್ಟು ಸಹಾಯ ಮಾಡಿ

ತೋಟದಮನೆ (ಮಡಿಕೇರಿ):
ನಮಸ್ಕಾರ. ಮಂಗಳೂರಿನ ಅಕ್ಕ ಪ್ರೀತಿಯಿಂದ ಕೊಟ್ಟ ಎಲೆಕ್ಟ್ರಿಕ್ ಕೆಟಲ್ ಇದು. ಎಷ್ಟು ಡಿಗ್ರಿ ಬೇಕೆಂದು ಒತ್ತಿದರೆ ಅಷ್ಟಕ್ಕೆ ಕಾಯಿಸಿ, ಪೀಂ ಎಂದು ತಾನಾಗಿ ಆಫ್ ಆಗಬೇಕು. ಅವಳ ಮನೆಯಲ್ಲಿ 100ಕ್ಕೆ ಹಾಗೆಯೇ ಆಗುತ್ತಿದ್ದುದನ್ನು ನಾನೇ ಕಂಡಿದ್ದೇನೆ. ನಮ್ಮಲ್ಲಿ ಮಾತ್ರ ಅಂಕಿ 96ಕ್ಕೆ ಬಂದು ನಿಂತುಬಿಡುತ್ತದೆ. ನೀರು ಕೊತಕೊತ ಕುದಿಯುತ್ತಲೇ ಇರುತ್ತದೆ. ಆವಿಗೆ ಕ್ಯಾಲೆಂಡರಿನ ಜುಲೈ ಹಾಳೆ ಸುರುಳಿ ಸುತ್ತಿಕೊಂಡಿದೆ, ಗೋಡೆಗೆ ಮೊದಲೇ ಬೂಷ್ಟು.

ಬೆಳಗ್ಗೆ ಸ್ವಿಚ್ ಒತ್ತಿ ಮತ್ತೆ ಕಂಬಳಿಯೊಳಗೆ ಸೇರಿ, ಪೀಂ ಎಂದ ಮೇಲೆ ಎದ್ದು ಡಿಕಾಕ್ಷನ್ ಹಾಕುವ ಆಸೆ ನನ್ನದು. ಈಗ ಅದರ ಮುಂದೆ ಕಾವಲು ನಿಲ್ಲುತ್ತಿದ್ದೇನೆ. ಇದೇನು ಮಹಾ ಕಷ್ಟ ಎನ್ನಬೇಡಿ. ಕಕ್ಕಡ ತಿಂಗಳ ಮಳೆಯಲ್ಲಿ ಆ ಐದು ನಿಮಿಷದ ಬೆಚ್ಚಗಿನ ಬೆಲೆ ಇಲ್ಲಿಯವರಿಗೆ ಗೊತ್ತು. ಅಂಗಡಿಯವರು ಸೆನ್ಸರ್ ಹೋಗಿದೆ ಎನ್ನುತ್ತಾರೆ. ಬದಲಿಸಲೇ?

ಹಳೆಯ ಮೇಷ್ಟ್ರು (ವಿರಾಜಪೇಟೆ):
ಬೇಡವೇ ಬೇಡ. ಸೆನ್ಸರ್ ಸರಿಯಾಗಿಯೇ ಹೇಳುತ್ತಿದೆ. ನಿಮ್ಮ ಅಕ್ಕ ಇರುವುದು ಕಡಲ ಮಟ್ಟದಲ್ಲಿ, ನೀವಿರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಮೇಲೇರಿದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ, ಅಂದಾಜು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದುವೂ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ, ಅದೇ 96! ಕುದಿಯುವ ನೀರಿಗೆ ಎಷ್ಟು ಕಾವು ಕೊಟ್ಟರೂ ಆವಿಯಾಗಿ ಹೋಗುತ್ತದೆಯೇ ಹೊರತು ಬಿಸಿ ಏರುವುದಿಲ್ಲ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ನಮ್ಮಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ ಇದಕ್ಕೇ. ಪಾಪ, ಕೆಟಲ್ ಬಾರದ 100ಕ್ಕಾಗಿ ಕಾಯುತ್ತಿದೆ. 95ಕ್ಕೆ ಇಡಿ, ಡಿಕಾಕ್ಷನ್‌ಗೆ ಧಾರಾಳವಾಗಿ ಸಾಕು.

ಏಲಕ್ಕಿ (ಸೋಮವಾರಪೇಟೆ):
ನಮ್ಮ ಹಳೆಯ ಕೆಟಲ್‌ಗೆ ಅಂಕಿಯೇ ಇಲ್ಲ. ಆದರೂ ಕುದಿ ಬಂದೊಡನೆ ಆಫ್ ಆಗುತ್ತದಲ್ಲ?

ಹಳೆಯ ಮೇಷ್ಟ್ರು:
ಅದರೊಳಗೆ ಎರಡು ಲೋಹ ಬೆಸೆದ ಪುಟ್ಟ ಪಟ್ಟಿಯಿದೆ. ಆವಿ ತಾಗಿದರೆ ಬಾಗಿ ಸ್ವಿಚ್ ಬೀಳಿಸುತ್ತದೆ. ಎಷ್ಟು ಡಿಗ್ರಿ ಎಂಬುದು ಅದಕ್ಕೆ ಬೇಕಿಲ್ಲ, ಆವಿ ಬಂದರೆ ಸರಿ. ಮುಚ್ಚಳ ತೆರೆದಿಟ್ಟರೆ ಮಾತ್ರ ಆವಿ ಪಟ್ಟಿಯನ್ನು ತಲುಪದೆ ನೀರು ಕುದಿಯುತ್ತಲೇ ಇರುತ್ತದೆ.

ತೋಟದಮನೆ:
ಸರ್, 95ಕ್ಕೆ ಇಟ್ಟೆ, ಪೀಂ ಎಂದಿತು! ಆದರೆ ಕುದಿಯದ ನೀರು ಕುಡಿಯುವುದಿಲ್ಲ ಎಂದು ಅತ್ತೆ ಹಟ ಹಿಡಿದಿದ್ದಾರೆ.

ಹಳೆಯ ಮೇಷ್ಟ್ರು:
ಅತ್ತೆಯವರ ಮಾತು ಸರಿಯೇ. ಕುಡಿಯುವ ನೀರನ್ನು 100ಕ್ಕೆ ಇಟ್ಟು, ಚೆನ್ನಾಗಿ ಒಂದು ನಿಮಿಷ ಕುದಿಸಿ ನೀವೇ ಆಫ್ ಮಾಡಿ. 2,000 ಮೀಟರ್ ದಾಟಿದ ಊರಾದರೆ ಮೂರು ನಿಮಿಷ. ನಮ್ಮ ಜಿಲ್ಲೆಯ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್‌ನ ತುದಿಯೇ 1,748 ಮೀಟರ್, ಹಾಗಾಗಿ ಕೊಡಗಿನಲ್ಲೆಲ್ಲೂ ಒಂದು ನಿಮಿಷ ಸಾಕು.

ತೋಟದಮನೆ:
ಅತ್ತೆ ಒಪ್ಪಿದರು. ಇವತ್ತು ಪೀಂ ಎನ್ನುವವರೆಗೂ ಕಂಬಳಿಯೊಳಗೇ ಇದ್ದೆ. ಕೆಟ್ಟ ವಸ್ತು ಕೊಟ್ಟೆನೇನೋ ಎಂದು ಅಕ್ಕ ನಾಲ್ಕು ದಿನದಿಂದ ಕೊರಗುತ್ತಿದ್ದಳು. ಕಾಫಿ ಲೋಟ ಕೈಯಲ್ಲಿ ಹಿಡಿದೇ ಅವಳಿಗೆ ಫೋನ್ ಮಾಡಿದೆ.